ಹೆಡ್‌ಮಾಸ್ಟರ್ ಕುರ್ಚಿಯಲ್ಲಿ ಯಾರು ಕೂತಿದ್ದಾರೆ?



ಇದು ಸ್ವಲ್ಪ ಉದ್ದದ ಬರಹ. ಬಿಡುವಾದಾಗ ಓದಿ, ಆದ್ರೆ ಪೂರ್ತಿ ಓದಿ.

"ನಮ್ಮೂರ ಸರ್ಕಾರಿ ಶಾಲೆಗೆ ಮೇಷ್ಟ್ರು ಬರ್ತಾರೆ, ಆದ್ರೆ ನಿಲ್ಲಲ್ಲ." ಈ ಮಾತು ಕೇಳಿಬರದ ತಾಲ್ಲೂಕಿಲ್ಲ. ಯಾಕೆ ನಿಲ್ಲಲ್ಲ ಅಂದ್ರೆ ಉತ್ತರ ರೆಡಿ ಇರುತ್ತೆ: ಬಸ್ಸಿಲ್ಲ, ಬಾಡಿಗೆ ಮನೆ ಸಿಗಲ್ಲ, ಗಂಡನ ಕೆಲಸ ಬೇರೆ ಜಿಲ್ಲೇಲಿ, ಮಕ್ಕಳ ಓದು ಪೇಟೇಲಿ. ಇದ್ಯಾವುದೂ ಸುಳ್ಳಲ್ಲ. ಆದ್ರೆ ಒಂದೇ ಬಸ್ಸಿನ ದಾರಿಯಲ್ಲಿರೋ ಎರಡು ಶಾಲೆ ನೋಡಿ. ಒಂದರಲ್ಲಿ ಟೀಚರು ಹತ್ತು ವರ್ಷ ಇರ್ತಾರೆ. ಇನ್ನೊಂದರಲ್ಲಿ ವರ್ಗಾವಣೆ ಕೌನ್ಸೆಲಿಂಗ್ ಶುರುವಾಗೋದನ್ನೇ ಕಾದು ಅರ್ಜಿ ಹಾಕ್ತಾರೆ. ಬಸ್ಸೂ ಅದೇ, ಸಂಬಳವೂ ಅದೇ. ಹಾಗಾದ್ರೆ ವ್ಯತ್ಯಾಸ ಎಲ್ಲಿದೆ? ಬಹಳ ಸಲ ಅದು ಹೆಡ್‌ಮಾಸ್ಟರ್ ಕುರ್ಚಿಯಲ್ಲಿ ಕೂತಿರೋ ಮನುಷ್ಯನಲ್ಲಿ ಇರುತ್ತೆ.

ನಮ್ಮ ಚಳವಳಿ ಶಾಲೆಯ ವಿಷಯದಲ್ಲಿ ಪ್ರವೇಶಕ್ಕಾಗಿ ಹೋರಾಡಿದೆ. ಹಾಸ್ಟೆಲ್, ಸ್ಕಾಲರ್‌ಶಿಪ್, ಬಿಸಿಯೂಟದ ಸಾಲಿನಲ್ಲಿ ಮಕ್ಕಳನ್ನ ಬೇರೆ ಕೂರಿಸೋದು, ಇವೆಲ್ಲದರ ಬಗ್ಗೆ ಹೋರಾಡಿದೆ. ಹೋರಾಡಲೇಬೇಕಿತ್ತು. ಆದ್ರೆ ಆ ಕುರ್ಚಿಯ ಬಗ್ಗೆ ನಾವು ಮಾತಾಡಿದ್ದು ಕಮ್ಮಿ. ಅದನ್ನ ಕಳಕೊಂಡ್ರೆ ಏನಾಗುತ್ತೆ ಅಂತ ತಿಳಿಯೋಕೆ ಇನ್ನೊಂದು ದೇಶದ ಚರಿತ್ರೆ ನೋಡ್ಬೇಕು. ಅಮೆರಿಕದ ದಕ್ಷಿಣ ರಾಜ್ಯಗಳ ಹಳ್ಳಿಗಳಲ್ಲಿ ಕಪ್ಪುಜನ ಕಟ್ಟಿದ ಶಾಲೆಗಳ ಚರಿತ್ರೆ ಅದು. ಅವರೂ ಶಾಲೆ ಬಾಗಿಲು ತೆರೆಸಿದ್ರು. ಬಾಗಿಲು ತೆರೆದ ದಿನವೇ ಕುರ್ಚಿ ಹೋಯ್ತು. ಕುರ್ಚಿಯ ಹಿಂದೆಯೇ ಮೇಷ್ಟ್ರುಗಳೂ ಹೋದ್ರು.

ಅಮೆರಿಕ ಯಾಕೆ ಅಂತ ಕೆಲವರು ಕೇಳಬಹುದು. 1856ರಲ್ಲಿ ನಮ್ಮ ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಒಬ್ಬ ಮಹಾರ್ ಹುಡುಗ ಅರ್ಜಿ ಕೊಟ್ಟ. ಅವನೊಬ್ಬನನ್ನ ಸೇರಿಸಿದ್ರೆ ಉಳಿದವರಿಗೆ ಶಾಲೆಯೇ ಉಪಯೋಗಕ್ಕೆ ಬಾರದಂತಾಗುತ್ತೆ ಅನ್ನೋ ವಾದ ಹಿಡಿದು ಮುಂಬೈ ಸರ್ಕಾರ ಅರ್ಜಿ ತಿರಸ್ಕರಿಸಿತು. ಅದೇ ಕಾಲದಲ್ಲಿ ಅಮೆರಿಕದ ದಕ್ಷಿಣದಲ್ಲಿ ಗುಲಾಮರಿಗೆ ಅಕ್ಷರ ಕಲಿಸೋದೇ ಅನೇಕ ರಾಜ್ಯಗಳಲ್ಲಿ ಅಪರಾಧ. ಈ ಎರಡು ನೋವಿನ ಸಂಬಂಧ ಬಾಬಾಸಾಹೇಬರಿಗೆ ಗೊತ್ತಿತ್ತು. 1913ರಿಂದ 1916ರವರೆಗೆ ನ್ಯೂಯಾರ್ಕಿನಲ್ಲಿ ಓದಿದವರು ಅವರು. 1946ರಲ್ಲಿ ಕಪ್ಪುಜನರ ದೊಡ್ಡ ಚಿಂತಕ ಡು ಬಾಯ್ಸ್ ಅವರಿಗೆ ಪತ್ರ ಬರೆದರು, ಡು ಬಾಯ್ಸ್ ಉತ್ತರವನ್ನೂ ಕೊಟ್ಟರು. ನಾವು ಆ ಕಡೆ ನೋಡೋದು ಹೊಸದೇನಲ್ಲ.

ಈಗ ಕಥೆಗೆ ಬರೋಣ.

ಗುಲಾಮಗಿರಿ ಕಾನೂನಿನಲ್ಲಿ ಹೋದ ಮೇಲೂ ದಕ್ಷಿಣದಲ್ಲಿ ಬಿಳಿಯ ಮಕ್ಕಳಿಗೊಂದು ಶಾಲೆ, ಕಪ್ಪು ಮಕ್ಕಳಿಗೊಂದು ಶಾಲೆ. ಹಣವೆಲ್ಲ ಹೋಗ್ತಿದ್ದದ್ದು ಮೊದಲನೆಯದಕ್ಕೆ. ದಕ್ಷಿಣ ಕೆರೊಲಿನಾದ ಕ್ಲಾರೆಂಡನ್ ಕೌಂಟಿಯಲ್ಲಿ 1949-50ರಲ್ಲಿ ಒಬ್ಬ ಬಿಳಿಯ ಮಗುವಿಗೆ ವರ್ಷಕ್ಕೆ 179 ಡಾಲರ್, ಒಬ್ಬ ಕಪ್ಪು ಮಗುವಿಗೆ 43 ಡಾಲರ್ ಖರ್ಚಾಗ್ತಿತ್ತು. ಬಿಳಿಯ ಮಕ್ಕಳಿಗೆ ಬಸ್ಸುಗಳಿದ್ದವು, ಕಪ್ಪು ಮಕ್ಕಳಿಗೆ ಸರ್ಕಾರದ ಒಂದು ಬಸ್ಸೂ ಇರಲಿಲ್ಲ. ಮೈಲಿಗಟ್ಟಲೆ ನಡೆದು ಬರ್ತಿದ್ರು.

ಇಂಥ ಕಡೆ ಯಾವ ಮೇಷ್ಟ್ರು ತಾನೇ ನಿಲ್ತಾರೆ? ಆದ್ರೆ ನಿಂತ್ರು. ಅದಕ್ಕೆ ಮೊದಲು ಬೇಕಾಗಿದ್ದು ಸೂರು. ಬುಕರ್ ಟಿ. ವಾಷಿಂಗ್ಟನ್ ಮತ್ತು ಉದ್ಯಮಿ ಜೂಲಿಯಸ್ ರೋಸೆನ್‌ವಾಲ್ಡ್ ಸೇರಿ ಶುರುಮಾಡಿದ ಯೋಜನೆಯಲ್ಲಿ 1912ರಿಂದ 1932ರವರೆಗೆ ದಕ್ಷಿಣದ ಹಳ್ಳಿಗಳಲ್ಲಿ ಸುಮಾರು 5,000 ಶಾಲೆ ಎದ್ದವು. ಊರಿನವರೂ ಪಾಲು ಹಾಕಬೇಕು ಅನ್ನೋದು ಷರತ್ತು. ಗೇಣಿ ಮಾಡೋ ಜನ, ಹತ್ತಿ ಬಿಡಿಸೋ ಜನ ಕಾಸು ಕೂಡಿಸಿದ್ರು, ಮರ ಕೊಟ್ರು, ಕೂಲಿ ಇಲ್ಲದೆ ಕೆಲಸ ಮಾಡಿದ್ರು. ಲೆಕ್ಕ ಹಾಕಿದ್ರೆ ಅವರು ಹಾಕಿದ ಪಾಲು ರೋಸೆನ್‌ವಾಲ್ಡ್ ಕೊಟ್ಟಿದ್ದಕ್ಕಿಂತ ಕಮ್ಮಿ ಇಲ್ಲ. ಇನ್ನೊಂದು ಸಂಗತಿ ಗಮನಿಸಿ: ಆ ಯೋಜನೆಯಲ್ಲಿ ಶಾಲೆಗಳ ಜೊತೆ 200ಕ್ಕೂ ಹೆಚ್ಚು ಟೀಚರ್ ಮನೆಗಳನ್ನೂ ಕಟ್ಟಿದ್ರು. ಮೇಷ್ಟ್ರು ಊರಲ್ಲಿ ನಿಲ್ಲಬೇಕಾದ್ರೆ ಊರಲ್ಲಿ ಮನೆ ಬೇಕು ಅನ್ನೋ ಸರಳ ಸತ್ಯ ನೂರು ವರ್ಷದ ಹಿಂದೆ ಆ ಬಡವರಿಗೆ ಗೊತ್ತಿತ್ತು.

ಸೂರು ಒಂದೇ ಸಾಕಾಗಲ್ಲ. ಶಾಲೆ ನಡೆಸೋ ತಲೆ ಬೇಕು. ಅದಕ್ಕೆ ಒಂದು ಉದಾಹರಣೆ ಉತ್ತರ ಕೆರೊಲಿನಾದ ಕ್ಯಾಸ್ವೆಲ್ ಕೌಂಟಿ. ಹೊಗೆಸೊಪ್ಪು ಬೆಳೆಯೋ ಹಳ್ಳಿಗಾಡು. ಅಲ್ಲಿ ಕಪ್ಪು ಮಕ್ಕಳ ಶಾಲೆಯ ಹೆಸರು ಕ್ಯಾಸ್ವೆಲ್ ಕೌಂಟಿ ಟ್ರೈನಿಂಗ್ ಸ್ಕೂಲ್. 'ಟ್ರೈನಿಂಗ್' ಅನ್ನೋ ಹೆಸರು ಯಾಕೆ ಗೊತ್ತಾ? ಕಪ್ಪು ಮಕ್ಕಳಿಗೆ ಹೈಸ್ಕೂಲ್ ಅಂದ್ರೆ ಬಿಳಿಯರು ಒಪ್ಪಲ್ಲ, ಕೈಕೆಲಸದ ತರಬೇತಿ ಅಂದ್ರೆ ಒಪ್ತಾರೆ. ಆ ಹೆಸರಿನ ಮರೆಯಲ್ಲಿ ಪೂರ್ತಿ ಹೈಸ್ಕೂಲ್ ಓದು ನಡೀತಿತ್ತು. ನಿಕೋಲಸ್ ಲಾಂಗ್‌ವರ್ತ್ ಡಿಲ್ಲರ್ಡ್ ಅನ್ನೋರು 1930ರ ದಶಕದಿಂದ 1969ರವರೆಗೆ ಅಲ್ಲಿ ಪ್ರಿನ್ಸಿಪಾಲ್. ನಮ್ಮ ಭಾಷೇಲಿ ಹೆಡ್‌ಮಾಸ್ಟರ್. ಈ ಶಾಲೆಯ ಬಗ್ಗೆ ವನೆಸ್ಸಾ ಸಿಡಲ್ ವಾಕರ್ ಅನ್ನೋ ವಿದ್ವಾಂಸೆ 1996ರಲ್ಲಿ ಇಡೀ ಪುಸ್ತಕವನ್ನೇ ಬರೆದಿದ್ದಾರೆ.

ಡಿಲ್ಲರ್ಡ್ ಮಾಡಿದ್ದು ಪವಾಡವಲ್ಲ. ಟೀಚರು ಮಕ್ಕಳ ಮನೆಗೆ ಹೋಗಿ ಬರಬೇಕು, ಊರಿನ ಚರ್ಚಿನಲ್ಲಿ ಕಾಣಿಸಿಕೊಳ್ಳಬೇಕು ಅಂತ ಹೇಳ್ತಿದ್ರು, ತಾವೂ ಹಾಗೇ ಇರ್ತಿದ್ರು. ಟೀಚರ ಸಭೆಯಲ್ಲಿ ರಿಜಿಸ್ಟರಿನ ಮಾತಿಗಿಂತ ಯಾವ ಮಗು ಎಲ್ಲಿ ಹಿಂದೆ ಬಿದ್ದಿದೆ, ಹೇಗೆ ಕಲಿಸೋದು ಅನ್ನೋ ಮಾತು ಇರ್ತಿತ್ತು. ಟೀಚರು ಮುಂದೆ ಓದಲಿ, ಶಿಕ್ಷಕರ ಸಂಘದ ಸಮ್ಮೇಳನಗಳಿಗೆ ಹೋಗಲಿ ಅಂತ ಬೆನ್ನು ತಟ್ಟುತ್ತಿದ್ರು. ಪಾಲಕರ ಸಂಘ ಬಲವಾಗಿತ್ತು. ಸರ್ಕಾರ ಕೊಡದ್ದನ್ನ ಪಾಲಕರು ದುಡ್ಡು ಕೂಡಿಸಿ ತರ್ತಿದ್ರು. ಬಿಳಿಯ ಅಧಿಕಾರಿಗಳ ಮುಂದೆ ಶಾಲೆಯ ಪರವಾಗಿ ನಿಂತು ಕೇಳೋದು ಹೆಡ್‌ಮಾಸ್ಟರ್ ಕೆಲಸ. ಟೀಚರಿಗೂ ಆ ಅಧಿಕಾರಿಗಳಿಗೂ ನಡುವೆ ಅವರೊಂದು ಗೋಡೆ ಇದ್ದ ಹಾಗೆ. ಮೇಲಿಂದ ಬಂದ ಏಟು ಮೊದಲು ಆ ಗೋಡೆಗೆ ತಾಗ್ತಿತ್ತು. ಒಬ್ಬ ಟೀಚರ್ ವರ್ಷಗಟ್ಟಲೆ ಒಂದು ಶಾಲೇಲಿ ನಿಲ್ಲೋಕೆ ಇನ್ನೇನು ಬೇಕು? ನನ್ನ ಕೆಲಸಕ್ಕೆ ಬೆಲೆ ಇದೆ, ನನ್ನ ಹಿಂದೆ ಒಬ್ಬರು ಇದ್ದಾರೆ ಅನ್ನೋ ಧೈರ್ಯ ಬೇಕು.

ಇಲ್ಲಿ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಓದಿದ ಕಪ್ಪುಜನರಿಗೆ ಆಗ ಬೇರೆ ಕೆಲಸಗಳ ಬಾಗಿಲು ಮುಚ್ಚಿತ್ತು. ಬ್ಯಾಂಕಿಲ್ಲ, ಕಚೇರಿ ಇಲ್ಲ. ಅವರು ಟೀಚರಾಗಿ ಉಳಿಯೋಕೆ ಅದೂ ಒಂದು ಕಾರಣ. ಹಾಗೇ ಎಲ್ಲ ಹೆಡ್‌ಮಾಸ್ಟರುಗಳೂ ಡಿಲ್ಲರ್ಡ್ ಆಗಿರಲಿಲ್ಲ. ಕ್ಲಾರೆಂಡನ್ ಕೌಂಟಿಯ ಸಮ್ಮರ್ಟನ್‌ನಲ್ಲಿ 1949ರಲ್ಲಿ ಕಪ್ಪು ಮಕ್ಕಳೂ ಪಾಲಕರೂ ತಮ್ಮದೇ ಜನಾಂಗದ ಪ್ರಿನ್ಸಿಪಾಲ್ ವಿರುದ್ಧ ಎದ್ದರು. ಶಾಲೆಯ ದುಡ್ಡಿಗೆ ಲೆಕ್ಕ ಕೊಡಲ್ಲ, ಮಕ್ಕಳ ಸರ್ಟಿಫಿಕೇಟ್ ಕೊಡೋಕೆ ಸತಾಯಿಸ್ತಾರೆ ಅನ್ನೋದು ದೂರು. ಆ ಮನುಷ್ಯ ಜಾಗ ಬಿಡಬೇಕಾಯ್ತು. 'ನಮ್ಮವನೇ ತಾನೇ' ಅಂತ ಸುಮ್ಮನಿರಲಿಲ್ಲ ಆ ಜನ. ಇದನ್ನ ನಾವು ನೆನಪಿಟ್ಟುಕೊಳ್ಳಬೇಕು.

ಆ ಹೋರಾಟಕ್ಕೆ ಮುಂದೆ ನಿಂತವರು ಜೋಸೆಫ್ ಡಿಲೇನ್. ಪಾದ್ರಿ, ಜೊತೆಗೆ ಶಾಲೆ ನಡೆಸಿದ ಮೇಷ್ಟ್ರು. ಶಾಲಾ ಬಸ್ಸು ಕೊಡಿ ಅಂತ ಶುರುವಾದ ಕೇಳಿಕೆ ಸಮಾನ ಶಾಲೆ ಕೊಡಿ ಅನ್ನೋ ಮೊಕದ್ದಮೆ ಆಯ್ತು. ಅದಕ್ಕೆ ಅವರು ತೆತ್ತ ಬೆಲೆ ಕೇಳಿ: ಡಿಲೇನ್ ಅವರ ಕೆಲಸ ಹೋಯ್ತು, ಟೀಚರಾಗಿದ್ದ ಹೆಂಡತಿಯ ಕೆಲಸ ಹೋಯ್ತು, 1951ರಲ್ಲಿ ಮನೆ ಸುಟ್ಟುಹೋಯ್ತು, 1955ರಲ್ಲಿ ಅವರ ಚರ್ಚಿಗೆ ಬೆಂಕಿ ಬಿತ್ತು. ಕೊನೆಗೆ ರಾಜ್ಯವನ್ನೇ ಬಿಟ್ಟು ಓಡಬೇಕಾಯ್ತು.

ವರ್ಜೀನಿಯಾದ ಪ್ರಿನ್ಸ್ ಎಡ್ವರ್ಡ್ ಕೌಂಟಿಯಲ್ಲೂ ಇದೇ ಕಥೆ. ಅಲ್ಲಿನ ಮೋಟನ್ ಹೈಸ್ಕೂಲ್ 180 ಮಕ್ಕಳಿಗೆ ಕಟ್ಟಿದ್ದು, ಕೂತಿದ್ದದ್ದು 450ಕ್ಕೂ ಹೆಚ್ಚು. ಜಾಗ ಸಾಲದೆ ಟಾರ್ ಕಾಗದ ಹೊದಿಸಿದ ಶೆಡ್ಡುಗಳಲ್ಲಿ ಪಾಠ. ಪ್ರಿನ್ಸಿಪಾಲ್ ಬಾಯ್ಡ್ ಜೋನ್ಸ್ ಹೊಸ ಕಟ್ಟಡ ಕೊಡಿ ಅಂತ ಪದೇ ಪದೇ ಕೇಳ್ತಿದ್ರು. 1951ರ ಏಪ್ರಿಲ್ 23ರಂದು 16 ವರ್ಷದ ಬಾರ್ಬರಾ ಜಾನ್ಸ್ ಅನ್ನೋ ಹುಡುಗಿ ಒಂದು ಉಪಾಯ ಮಾಡಿದಳು. ಸುಳ್ಳು ಫೋನ್ ಮಾಡಿಸಿ ಪ್ರಿನ್ಸಿಪಾಲರನ್ನ ಹೊರಗೆ ಕಳಿಸಿ, ಮಕ್ಕಳನ್ನ ಸಭೆ ಸೇರಿಸಿ ಮುಷ್ಕರ ಶುರುಮಾಡಿದಳು. ಪ್ರಿನ್ಸಿಪಾಲರ ಮೇಲೆ ತಪ್ಪು ಬರಬಾರದು ಅನ್ನೋದು ಅವಳ ಲೆಕ್ಕ. ಆದ್ರೂ ಬಿಡಲಿಲ್ಲ. ಆ ವರ್ಷವೇ ಜೋನ್ಸ್ ಅವರನ್ನ ತೆಗೆದುಹಾಕಿದ್ರು.

ಕ್ಲಾರೆಂಡನ್ ಮತ್ತು ಪ್ರಿನ್ಸ್ ಎಡ್ವರ್ಡ್‌ನ ಮೊಕದ್ದಮೆಗಳೂ ಸೇರಿ ಐದು ಮೊಕದ್ದಮೆಗಳು ಸುಪ್ರೀಂ ಕೋರ್ಟಿಗೆ ಹೋದವು. 1954ರ ಮೇ 17ರಂದು ಬ್ರೌನ್ ತೀರ್ಪು ಬಂತು: ಜನಾಂಗ ನೋಡಿ ಶಾಲೆ ಬೇರೆ ಮಾಡೋದು ಸಂವಿಧಾನಕ್ಕೆ ವಿರುದ್ಧ. ಜಗತ್ತಿನ ಶೋಷಿತರೆಲ್ಲ ಸಂಭ್ರಮಿಸಬೇಕಾದ ತೀರ್ಪು. ಅದರಲ್ಲಿ ಎರಡು ಮಾತಿಲ್ಲ.

ಆದ್ರೆ ತೀರ್ಪನ್ನ ಜಾರಿ ಮಾಡೋರು ಯಾರು? ಅದೇ ಬಿಳಿಯ ಶಾಲಾ ಮಂಡಳಿಗಳು. ಅವರು ಒಂದು ದಾರಿ ಕಂಡುಕೊಂಡ್ರು. ಎರಡು ಶಾಲೆ ಒಂದು ಮಾಡಬೇಕು ತಾನೇ? ಮಾಡೋಣ. ಮುಚ್ಚೋದು ಕಪ್ಪುಜನರ ಶಾಲೆ, ಉಳಿಯೋದು ಬಿಳಿಯರ ಶಾಲೆ. ಮಕ್ಕಳು ಬರಲಿ, ಮೇಷ್ಟ್ರು ಬೇಡ. ಹೆಡ್‌ಮಾಸ್ಟರ್ ಅಂತೂ ಬೇಡವೇ ಬೇಡ, ಯಾಕಂದ್ರೆ ಹೆಡ್‌ಮಾಸ್ಟರ್ ಆದ್ರೆ ಬಿಳಿಯ ಟೀಚರು ಅವರ ಕೈಕೆಳಗೆ ಕೆಲಸ ಮಾಡ್ಬೇಕಲ್ಲ!

ತೀರ್ಪು ಬರೋಕೆ ಮುಂಚೆಯೇ ಇದು ಶುರುವಾಗಿತ್ತು. ಬ್ರೌನ್ ಮೊಕದ್ದಮೆಯ ಊರಾದ ಟೊಪೀಕಾದಲ್ಲೇ 1953ರ ವಸಂತದಲ್ಲಿ ಶಾಲಾ ಅಧಿಕಾರಿ ಕಪ್ಪು ಶಿಕ್ಷಕಿಗೆ ಪತ್ರ ಬರೆದು, ಮುಂದಿನ ವರ್ಷ ಕೆಲಸ ಮುಂದುವರಿಸೋದು ಕಷ್ಟ ಅಂತ ತಿಳಿಸಿದ. ಮಿಸೌರಿಯ ಮೋಬರ್ಲಿ ಅನ್ನೋ ಸಣ್ಣ ಪಟ್ಟಣದಲ್ಲಿ 1955ರಲ್ಲಿ ಕಪ್ಪುಜನರ ಲಿಂಕನ್ ಶಾಲೆ ವಿಲೀನ ಆಯ್ತು. ಅಲ್ಲಿದ್ದ 11 ಕಪ್ಪು ಶಿಕ್ಷಕರಲ್ಲಿ ಒಬ್ಬರನ್ನೂ ಉಳಿಸಿಕೊಳ್ಳಲಿಲ್ಲ. ಕೋರ್ಟಿಗೆ ಹೋದ್ರು, 1959ರಲ್ಲಿ ಮೇಲ್ಮನವಿಯಲ್ಲೂ ಸೋತ್ರು. ದಕ್ಷಿಣ ಕೆರೊಲಿನಾ 1956ರಲ್ಲಿ ಕಪ್ಪುಜನರ ಹಕ್ಕಿನ ಸಂಘಟನೆಯ ಸದಸ್ಯರಿಗೆ ಸರ್ಕಾರಿ ಕೆಲಸವೇ ಇಲ್ಲ ಅಂತ ಕಾನೂನು ತಂತು. ಎಲೊರೀ ಅನ್ನೋ ಹಳ್ಳಿಯ ಶಾಲೇಲಿ 21 ಶಿಕ್ಷಕರು ತಲೆಬಾಗಲಿಲ್ಲ, ಕೆಲಸ ಕಳಕೊಂಡ್ರು. ಪ್ರಿನ್ಸ್ ಎಡ್ವರ್ಡ್ ಕೌಂಟಿಯಲ್ಲಿ ಕಪ್ಪು ಮಕ್ಕಳ ಜೊತೆ ಕೂರೋದಕ್ಕಿಂತ ಶಾಲೆಯೇ ಬೇಡ ಅಂತ 1959ರಿಂದ 1964ರವರೆಗೆ ಐದು ವರ್ಷ ಸರ್ಕಾರಿ ಶಾಲೆಗಳನ್ನೇ ಮುಚ್ಚಿದ್ರು. ಬಾರ್ಬರಾ ಜಾನ್ಸ್ ಮುಷ್ಕರ ಮಾಡಿದ ಅದೇ ಕೌಂಟಿ.

ಒಟ್ಟು ಲೆಕ್ಕ: 1954ರಿಂದ 1965ರೊಳಗೆ 17 ರಾಜ್ಯಗಳಲ್ಲಿ ಸುಮಾರು 38,000 ಕಪ್ಪು ಶಿಕ್ಷಕರು ಮತ್ತು ಪ್ರಿನ್ಸಿಪಾಲರು ಕೆಲಸ ಕಳಕೊಂಡ್ರು ಅಂತ ಅಂದಾಜು. ಆಮೇಲೂ ಅದು ನಿಲ್ಲಲಿಲ್ಲ. 1971ರಲ್ಲಿ ಅಮೆರಿಕದ ಸೆನೆಟ್ ಸಮಿತಿಯೇ ಇದರ ವಿಚಾರಣೆ ನಡೆಸಬೇಕಾಯ್ತು.

ಎಲ್ಲರನ್ನೂ ಡಿಸ್ಮಿಸ್ ಮಾಡಿದ್ರು ಅಂದ್ಕೋಬೇಡಿ. ಡಿಸ್ಮಿಸ್ ಮಾಡಿದ್ರೆ ಕೋರ್ಟಿಗೆ ಹೋಗ್ತಾರೆ. ಇಪ್ಪತ್ತು ವರ್ಷ ಶಾಲೆ ನಡೆಸಿದವರನ್ನ ಉಪ ಪ್ರಿನ್ಸಿಪಾಲ್ ಮಾಡಿದ್ರು. ಪಠ್ಯಪುಸ್ತಕ ಹಂಚೋ ಕೆಲಸ, ಬಸ್ಸು ನೋಡ್ಕೊಳ್ಳೋ ಕೆಲಸ ಕೊಟ್ರು. ಅಧಿಕಾರವಿಲ್ಲದ ದೊಡ್ಡ ಹೆಸರಿನ ಹುದ್ದೆ ಕೊಟ್ಟು ಮೂಲೆಯ ಕೋಣೆಗೆ ಕಳಿಸಿದ್ರು. ಸರ್ಕಾರಿ ಕಚೇರಿಯಲ್ಲಿ ಫೈಲು ಹಿಡಿಯೋ ನನ್ನಂಥ ಗುಮಾಸ್ತನಿಗೆ ಈ ವಿದ್ಯೆ ಚೆನ್ನಾಗಿ ಅರ್ಥವಾಗುತ್ತೆ. ಮನುಷ್ಯನನ್ನ ತೆಗೆಯೋಕೆ ಆದೇಶವೇ ಬೇಕಿಲ್ಲ, ಟೇಬಲ್ ಬದಲಾಯಿಸಿದ್ರೆ ಸಾಕು.

ಹೆಡ್‌ಮಾಸ್ಟರ್ ಹೋದ ಮೇಲೆ ಏನಾಯ್ತು? ಉಳಿದ ಕಪ್ಪು ಟೀಚರಿಗೆ ಗೋಡೆ ಇಲ್ಲದಂತಾಯ್ತು. ಹೊಸ ಟೀಚರನ್ನ ಆರಿಸೋ ಜಾಗದಲ್ಲಿ ಅವರ ಪರ ಮಾತಾಡೋರಿಲ್ಲ. ಮಕ್ಕಳಿಗೆ ಕಣ್ಣಮುಂದೆ ಮಾದರಿ ಇಲ್ಲ, ಆದ್ದರಿಂದ ಮುಂದಿನ ತಲೆಮಾರಿನ ಟೀಚರೂ ಕಮ್ಮಿಯಾದ್ರು. 1969ರಲ್ಲಿ ಡಿಲ್ಲರ್ಡ್ ಅವರ ಶಾಲೆಯ ಕಾಲವೂ ಮುಗೀತು.

ಈ ಚರಿತ್ರೆಯನ್ನ ತಿರುಚಿ "ನೋಡಿ, ಬೇರೆ ಬೇರೆ ಶಾಲೆ ಇದ್ದಾಗಲೇ ಚೆನ್ನಾಗಿತ್ತು" ಅನ್ನೋರು ಅಲ್ಲೂ ಇದ್ದಾರೆ, ಇಲ್ಲೂ ಹುಟ್ಟಿಕೊಳ್ತಾರೆ. ಇಲ್ಲ ಕಣ್ರೀ. 179ಕ್ಕೆ 43 ಡಾಲರ್ ಕೊಟ್ಟಿದ್ದ ವ್ಯವಸ್ಥೆ ಹೋಗಲೇಬೇಕಿತ್ತು. ತಪ್ಪಾಗಿದ್ದು ಶಾಲೆ ಒಂದು ಮಾಡಿದ್ದರಲ್ಲಲ್ಲ, ಒಂದು ಮಾಡಿದ ಶಾಲೆಯ ಕುರ್ಚಿಯನ್ನ ಒಂದೇ ಕಡೆಯವರಿಗೆ ಕೊಟ್ಟಿದ್ದರಲ್ಲಿ. ಮಕ್ಕಳನ್ನ ಒಳಗೆ ಬಿಟ್ಟು ಅಧಿಕಾರವನ್ನ ಹೊರಗೆ ಇಟ್ಟರೆ ಅದು ಅರ್ಧ ಸಮಾನತೆ.

ಈಗಿನ ಸಂಶೋಧನೆಗಳೂ ಇದನ್ನೇ ಹೇಳ್ತಿವೆ. ಅಮೆರಿಕದಲ್ಲಿ ಟೀಚರ ಕೊರತೆಗೆ ನಿವೃತ್ತಿಯೇ ದೊಡ್ಡ ಕಾರಣವಲ್ಲ, ಕೆಲಸದಲ್ಲಿನ ಅತೃಪ್ತಿ, ಅದರಲ್ಲೂ ಆಡಳಿತದ ಬೆಂಬಲ ಸಿಗದಿರೋದು ಮುಖ್ಯ ಕಾರಣ ಅಂತ ರಿಚರ್ಡ್ ಇಂಗರ್‌ಸಾಲ್ 2001ರಲ್ಲೇ ತೋರಿಸಿದ್ರು. ಬಾರ್ಟನನ್ ಮತ್ತು ಗ್ರಿಸಮ್ ಅನ್ನೋ ಇಬ್ಬರು ಮಿಸೌರಿ ಮತ್ತು ಟೆನ್ನೆಸ್ಸೀ ರಾಜ್ಯಗಳ ದಾಖಲೆ ಹಿಡಿದು ನೋಡಿದಾಗ, ಪ್ರಿನ್ಸಿಪಾಲ್ ಕಪ್ಪು ಜನಾಂಗದವರಾದ ಶಾಲೆಗೆ ಕಪ್ಪು ಶಿಕ್ಷಕರು ಹೆಚ್ಚು ಬರ್ತಾರೆ, ಹೆಚ್ಚು ನಿಲ್ತಾರೆ ಅನ್ನೋದು ಕಂಡಿತು. ಮೋಬರ್ಲಿಯ 11 ಜನರನ್ನ ಹೊರಗೆ ಹಾಕಿದ ಅದೇ ಮಿಸೌರಿ.

ಈಗ ನಮ್ಮ ಅಂಗಳಕ್ಕೆ ಬರೋಣ.

ಬಾಬಾಸಾಹೇಬರ 'ವೀಸಾಗಾಗಿ ಕಾಯುತ್ತಾ' ಓದಿದವರಿಗೆ ಬೋರ್ಸದ್‌ನ ತಲಾಟಿಯ ಕಥೆ ನೆನಪಿರುತ್ತೆ. ಗುಜರಾತಿನ ಭಂಗಿ ಸಮುದಾಯದ ಓದಿದ ಹುಡುಗ. ಮೊದಲು ಮುಂಬೈನಲ್ಲಿ ಮೇಷ್ಟ್ರ ಕೆಲಸಕ್ಕೆ ಅರ್ಜಿ ಹಾಕಿದ್ದ, ಸಿಗಲಿಲ್ಲ. 1936ರಲ್ಲಿ ಖೇಡಾ ಜಿಲ್ಲೆಯ ಬೋರ್ಸದ್ ಮಾಮಲೇದಾರ್ ಕಚೇರಿಯಲ್ಲಿ ತಲಾಟಿ ಕೆಲಸ ಸಿಕ್ತು. ಹೋದ ದಿನವೇ ಅಲ್ಲಿದ್ದ ಗುಮಾಸ್ತ, ನನ್ನದೇ ಹುದ್ದೆಯವನು, ಜಾತಿ ಕೇಳಿ ದೂರ ನಿಲ್ಲು ಅಂದ. ಕುಡಿಯೋ ನೀರಿಗೆ ಬೇರೆ ತುಕ್ಕು ಹಿಡಿದ ಪಾತ್ರೆ. ಊರಲ್ಲಿ ಬಾಡಿಗೆ ಮನೆ ಇಲ್ಲ. ಕೊನೆಗೆ ಹಳ್ಳಿಯಲ್ಲಿ ಜನ ಸುತ್ತುಗಟ್ಟಿ ಜೀವಕ್ಕೇ ಬಂದಾಗ ಸಂಬಳವಿಲ್ಲದ ರಜೆ ಹಾಕಿ ಮುಂಬೈಗೆ ವಾಪಸ್ ಹೋದ. ಕಚೇರಿ ಕಡತದಲ್ಲಿ ಅದು 'ರಜೆ'. ನಿಜದಲ್ಲಿ ಅದು ಹೊರದಬ್ಬಿದ್ದು. ನೇಮಕ ಮಾಡಿದ್ದು ಸರ್ಕಾರ, ನಿಲ್ಲಗೊಡದೆ ಇದ್ದದ್ದು ಕಚೇರಿ ಮತ್ತು ಊರು. ಆ ಕಚೇರಿಯ ಮೇಲಿನವರು ಮನಸ್ಸು ಮಾಡಿದ್ರೆ ಒಂದು ಲೋಟ ನೀರು, ಒಂದು ಕುರ್ಚಿ ಕೊಡಿಸೋದು ಕಷ್ಟವಿತ್ತಾ?

ಇವತ್ತು ನಮ್ಮ ಎಷ್ಟೋ ವರ್ಗಾವಣೆ ಅರ್ಜಿಗಳಲ್ಲಿ ಕಾರಣದ ಜಾಗದಲ್ಲಿ 'ವೈಯಕ್ತಿಕ' ಅಂತ ಬರೆದಿರುತ್ತೆ. ಆ ಒಂದು ಪದದ ಹಿಂದೆ ಏನೇನಿದೆ ಅಂತ ಯಾರೂ ಕೇಳಲ್ಲ. ದಲಿತ ಶಿಕ್ಷಕಿಗೆ ಊರಲ್ಲಿ ಮನೆ ಸಿಗದಿದ್ದಾಗ ಹೆಡ್‌ಮಾಸ್ಟರ್ ಊರಿನವರ ಹತ್ರ ಮಾತಾಡಿದ್ರಾ? ಬಿಸಿಯೂಟದ ಅಡುಗೆಯವರು ನಮ್ಮವರು ಅಂತ ಮಕ್ಕಳನ್ನ ಊಟ ಬಿಡಿಸಿದಾಗ ಹೆಡ್‌ಮಾಸ್ಟರ್ ತಾವೇ ತಟ್ಟೆ ಹಿಡಿದು ಮೊದಲು ಕೂತ್ರಾ, ಇಲ್ಲ 'ಯಾಕೆ ಗಲಾಟೆ' ಅಂದ್ರಾ? ಇಂಥ ಕಡೆಯೇ ಟೀಚರು ನಿಲ್ಲೋದು ಬಿಡೋದು ತೀರ್ಮಾನವಾಗುತ್ತೆ.

ಇನ್ನು ಕಾನೂನಿನ ಕಥೆ ನೋಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪಟ್ಟಿಯಲ್ಲಿ 1ರಿಂದ 5ನೇ ತರಗತಿಗೆ 150ಕ್ಕಿಂತ ಹೆಚ್ಚು ಮಕ್ಕಳಿದ್ರೆ ಮಾತ್ರ ಮುಖ್ಯ ಶಿಕ್ಷಕರು. 6ರಿಂದ 8ಕ್ಕೆ 100ಕ್ಕಿಂತ ಹೆಚ್ಚು. ಅಂದ್ರೆ ಕೇರಿ, ತಾಂಡ, ಹಾಡಿಗಳ ಸಣ್ಣ ಶಾಲೆಗೆ ಪೂರ್ಣಾವಧಿ ಹೆಡ್‌ಮಾಸ್ಟರ್ ಕೊಡಲೇಬೇಕು ಅಂತ ಕಾನೂನೇ ಹೇಳಲ್ಲ. ಇರೋರಲ್ಲಿ ಸೀನಿಯರ್‌ಗೆ 'ಪ್ರಭಾರ'. ಪಾಠವೂ ಅವರದೇ, ಬಿಸಿಯೂಟದ ಲೆಕ್ಕವೂ ಅವರದೇ, ಆನ್‌ಲೈನ್ ಎಂಟ್ರಿಯೂ ಅವರದೇ, ಮೀಟಿಂಗೂ ಅವರದೇ. ಜವಾಬ್ದಾರಿ ಪೂರ್ತಿ, ಅಧಿಕಾರ ಸೊನ್ನೆ. ದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಶಾಲೆಗಳಲ್ಲಿ ಇರೋದೇ ಒಬ್ಬ ಟೀಚರ್. ಅಲ್ಲಿ ನಾಯಕತ್ವ ಅನ್ನೋ ಮಾತೇ ತಮಾಷೆ.

ಮತ್ತೆ ಈಗ ಸಣ್ಣ ಶಾಲೆಗಳನ್ನ ದೊಡ್ಡ ಶಾಲೆಗೆ ಸೇರಿಸೋ ಮಾತು ನಡೀತಾ ಇದೆ. ವಿಲೀನ ಅಂದ ಕೂಡಲೇ ನನಗೆ ಮೋಬರ್ಲಿ ನೆನಪಾಗುತ್ತೆ. ನಾವು ಸಾಮಾನ್ಯವಾಗಿ ಕೇಳೋದು ಮಕ್ಕಳು ಎಷ್ಟು ದೂರ ನಡೀಬೇಕು ಅನ್ನೋದು. ಅದು ಕೇಳಲೇಬೇಕಾದ ಪ್ರಶ್ನೆ. ಜೊತೆಗೆ ಇವನ್ನೂ ಕೇಳಿ:

ಒಂದು, ಸೇರಿಸಿದ ಶಾಲೆಯ ಹೆಡ್‌ಮಾಸ್ಟರ್ ಯಾರು, ಯಾವ ಜ್ಯೇಷ್ಠತಾ ಪಟ್ಟಿ ನೋಡಿ ಮಾಡಿದ್ರು? ಮುಚ್ಚಿದ ಶಾಲೆಯ ಹೆಡ್‌ಮಾಸ್ಟರನ್ನ, ಟೀಚರನ್ನ ಎಲ್ಲಿಗೆ ಹಾಕಿದ್ರು? ಬಾಯಿಮಾತು ಬೇಡ, ಆದೇಶದ ಪ್ರತಿ ಕೇಳಿ.

ಎರಡು, 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕಿ. ನಿಮ್ಮ ಹೋಬಳಿಯ ಪ್ರತಿ ಶಾಲೆಗೆ ಹತ್ತು ವರ್ಷದಲ್ಲಿ ಎಷ್ಟು ಟೀಚರು ಬಂದ್ರು, ಎಷ್ಟು ಜನ ಹೋದ್ರು, ಆಗ ಹೆಡ್‌ಮಾಸ್ಟರ್ ಯಾರಿದ್ರು, ಪ್ರಭಾರವೋ ಕಾಯಮ್ಮೋ. ಈ ಮೂರು ಕಾಲಂ ಪಕ್ಕಪಕ್ಕ ಇಟ್ಟು ನೋಡಿ. ಭಾಷಣಕ್ಕಿಂತ ಜೋರಾಗಿ ಆ ಹಾಳೆ ಮಾತಾಡುತ್ತೆ.

ಮೂರು, ಎಸ್‌ಡಿಎಂಸಿಯಲ್ಲಿ ನಮ್ಮವರಿದ್ರೆ ಟೀಚರ್ ಮನೆ ಬಗ್ಗೆ ಮಾತೆತ್ತಿ. ಹತ್ತಿ ಬಿಡಿಸೋ ಜನ 200 ಮನೆ ಕಟ್ಟೋಕೆ ಕೈಜೋಡಿಸಿದ್ರು, ನಾವು ಒಂದು ಬಾಡಿಗೆ ಮನೆ ಹುಡುಕಿಕೊಡಲಾರೆವಾ?

ನಾಲ್ಕು, ನ್ಯಾಯದ ಪರ ನಿಂತ ಹೆಡ್‌ಮಾಸ್ಟರ್ ಯಾವ ಜಾತಿಯವರೇ ಆಗಿರಲಿ, ಅವರ ಮೇಲೆ ದೂರು ಬಿದ್ದಾಗ ಬಿಇಓ ಕಚೇರಿಗೆ ನಾವೂ ಹೋಗೋಣ. ಬಾಯ್ಡ್ ಜೋನ್ಸ್ ಒಂಟಿಯಾಗಬಾರದು. ಹಾಗೇ ನಮ್ಮ ಜಾತಿಯವರೇ ಆಗಿ ಶಾಲೆ ಹಾಳು ಮಾಡ್ತಿದ್ರೆ ಸಮ್ಮರ್ಟನ್ ಜನ ಮಾಡಿದ್ದನ್ನೇ ಮಾಡೋಣ.

ಬಾಬಾಸಾಹೇಬರು 1935ರಲ್ಲಿ ಮುಂಬೈ ಸರ್ಕಾರಿ ಕಾನೂನು ಕಾಲೇಜಿನ ಪ್ರಿನ್ಸಿಪಾಲ್ ಕುರ್ಚಿಯಲ್ಲಿ ಕೂತರು. ಶಾಲೇಲಿ ಗೋಣಿತಾಟಿನ ಮೇಲೆ ಬೇರೆ ಕೂರಬೇಕಾಗಿದ್ದ ಹುಡುಗ ಆ ಕುರ್ಚಿವರೆಗೆ ಬಂದದ್ದು ಸುಮ್ಮನೆ ಅಲ್ಲ. ಸ್ಕೂಲ್ ಬಾಗಿಲು ನಮ್ಮ ಹಿರಿಯರು ತೆರೆಸಿದ್ದಾರೆ. ಕುರ್ಚಿಯ ಲೆಕ್ಕ ಕೇಳೋದು ನಮ್ಮ ಕೆಲಸ.

ನಿಮ್ಮ ತಾಲ್ಲೂಕಿನಲ್ಲಿ ಮಾಹಿತಿ ಹಕ್ಕಿನ ಅರ್ಜಿ ಹಾಕೋರು ಕಾಮೆಂಟಿನಲ್ಲಿ ತಿಳಿಸಿ. ಅರ್ಜಿಯ ನಮೂನೆ ನಾನು ಬರೆದುಕೊಡ್ತೀನಿ. ಗುಮಾಸ್ತನಿಗೆ ಅಷ್ಟು ಬರುತ್ತೆ.

ಜೈಭೀಮ್.